ಎರಡನೆಯ ಬಾರಿ ಮೆನಿಂಜೈಟಿಸ್ ಬಂದಾಗ

ಪ್ರಶ್ನೆ: ಹದಿನೇಳು ವರ್ಷದ ನನ್ನ ಮಗನಿಗೆ ಎರಡು ವರ್ಷಗಳ ಹಿಂದೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಬಂದು ಗುಣವಾಗಿತ್ತು. ಈ ಮಳೆಗಾಲದಲ್ಲಿ ಅದೇ ಕಾಯಿಲೆ ಮರುಕಳಿಸಿತು. ಎರಡೂ ಸಲ ಬೆನ್ನುಹುರಿಯ ನೀರಿನಲ್ಲಿ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿದೆ. ರಕ್ತಕಣಗಳ ಎಣಿಕೆ, ರಕ್ತದಲ್ಲಿನ ಸಿ3, ಸಿ4 ಎಂಬ ಪ್ರೋಟೀನುಗಳು ಎಲ್ಲವೂ ಸರಿಯಿವೆ. ತೋಟದಲ್ಲಿ ಮಳೆಗೆ ನೆನೆದದ್ದೇ ಕಾರಣವೆಂದು ಮನೆಯಲ್ಲಿ ಹೇಳುತ್ತಾರೆ. ನಾನು ಸೋದರಮಾವನನ್ನೇ ಮದುವೆಯಾದವಳು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಹನ್ನೊಂದು ವರ್ಷದ ಮಗಳೂ ಇದ್ದಾಳೆ.
– ಒಬ್ಬ ತಾಯಿ, ಮೂಡಿಗೆರೆ

ಉತ್ತರ: ಮಳೆಯನ್ನು ದೂರಬೇಕಾಗಿಲ್ಲ. ಮೆನಿಂಗೊಕಾಕಸ್ ಒಬ್ಬರ ಮೂಗು, ಗಂಟಲಿನಿಂದ ಇನ್ನೊಬ್ಬರಿಗೆ ಹರಡುತ್ತದೆ. ಹಾಗೆ ಬಂದದ್ದು ಬಹುತೇಕರಲ್ಲಿ ಏನೂ ತೊಂದರೆ ಕೊಡದೆ ಹೋಗಿಬಿಡುತ್ತದೆ. ಒಬ್ಬನೇ ಹುಡುಗನಿಗೆ ಅದು ಎರಡು ಬಾರಿ ಮಿದುಳಿನ ಪೊರೆಯವರೆಗೆ ಹೋಯಿತೆಂದರೆ, ಅವನ ರಕ್ತದಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ‘ಕಾಂಪ್ಲಿಮೆಂಟ್’ ಎಂಬ ಗುಂಪಿನ ಪ್ರೋಟೀನುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲವೇನೋ ಎಂದು ನೋಡಲೇಬೇಕು.

ಈ ಗುಂಪಿನಲ್ಲಿ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳಿದ್ದು, ಹೆಚ್ಚಿನವು ಯಕೃತ್ತಿನಲ್ಲಿ ತಯಾರಾಗಿ ಸರಪಳಿಯಂತೆ ಒಂದನ್ನೊಂದು ಚುರುಕುಗೊಳಿಸುತ್ತವೆ. ಕೊನೆಯ ಐದು, ಅಂದರೆ ಸಿ5ರಿಂದ ಸಿ9ರವರೆಗಿನವು ಕೂಡಿಕೊಂಡು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ಬೇರೆ ಬಹಳಷ್ಟು ರೋಗಾಣುಗಳನ್ನು ಬಿಳಿರಕ್ತಕಣಗಳೇ ನುಂಗಿ ಮುಗಿಸುತ್ತವೆ, ಅದಕ್ಕೆ ಸಿ3ರ ನೆರವಿದ್ದರೆ ಸಾಕು. ಮೆನಿಂಗೊಕಾಕಸ್ ಮತ್ತು ಅದರ ಜಾತಿಯವುಗಳನ್ನು ಕೊಲ್ಲಲು ಮಾತ್ರ ಈ ರಂಧ್ರವೇ ಮುಖ್ಯ. ಆದ್ದರಿಂದಲೇ ಇಂಥ ಮಕ್ಕಳು ಉಳಿದಂತೆ ಗಟ್ಟಿಮುಟ್ಟಾಗಿದ್ದು, ಹದಿಹರೆಯದಲ್ಲಿ ಥಟ್ಟನೆ ಈ ಕಾಯಿಲೆಗೆ ತುತ್ತಾಗುತ್ತಾರೆ. ಅವರಿಗೆ ಅಪಾಯ ಇತರರಿಗಿಂತ ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು.

ಸಿ3, ಸಿ4 ಸರಿಯಿವೆ ಎಂಬ ವರದಿಯಿಂದ ಸಮಾಧಾನಪಡಬೇಡಿ, ಏಕೆಂದರೆ ಸರಪಳಿಯ ಕೊನೆಯಲ್ಲಿರುವ ಕೊರತೆ ಅದರಲ್ಲಿ ಕಾಣುವುದೇ ಇಲ್ಲ. ಬೇಕಾದದ್ದು ಸಿಎಚ್50 ಮತ್ತು ಎಎಚ್50 ಎಂಬ ರಕ್ತಪರೀಕ್ಷೆಗಳು, ಸರಪಳಿ ಕೊನೆಯವರೆಗೂ ಕೆಲಸ ಮಾಡುತ್ತದೆಯೇ ಎಂದು ಇವು ತೋರಿಸುತ್ತವೆ. ಎರಡೂ ಸೊನ್ನೆಯ ಹತ್ತಿರವಿದ್ದರೆ ಯಾವ ಪ್ರೋಟೀನ್ ಇಲ್ಲವೆಂದು ಒಂದೊಂದಾಗಿ ಹುಡುಕಬೇಕು. ಕಾಯಿಲೆ ವಾಸಿಯಾಗಿ ಕೆಲವು ವಾರಗಳಾದ ಮೇಲೆ ಮಾಡಿಸುವುದು ಒಳ್ಳೆಯದು. ಈ ಪ್ರೋಟೀನುಗಳು ಬೆಚ್ಚಗಿದ್ದರೆ ಬೇಗ ಹಾಳಾಗುತ್ತವೆ. ರಕ್ತದ ಟ್ಯೂಬು ಹಾಸನದಿಂದ ಬೆಂಗಳೂರಿಗೆ ಬಸ್ಸಿನ ಪಾರ್ಸೆಲಿನಲ್ಲಿ ಹಾಗೆಯೇ ಹೋದರೆ ಇಲ್ಲದ ಕೊರತೆ ವರದಿಯಲ್ಲಿ ಹುಟ್ಟಿಕೊಳ್ಳುತ್ತದೆ! ಸೀರಮ್ಮನ್ನು (ರಕ್ತದ ತಿಳಿ ಭಾಗವನ್ನು) ಬೇಗ ಬೇರ್ಪಡಿಸಿ, ಹೆಪ್ಪುಗಟ್ಟಿಸಿ, ಡ್ರೈ ಐಸ್‌ನಲ್ಲಿ ಕಳಿಸುತ್ತಾರೆಯೇ ಎಂದು ಲ್ಯಾಬಿನವರನ್ನು ಕೇಳಿ. ಇಲ್ಲವಾದರೆ ಮಗನನ್ನೇ ಕರೆದುಕೊಂಡು ಹೋಗುವುದು ಲೇಸು.

ಇಲ್ಲದ ಪ್ರೋಟೀನನ್ನು ಕಾಯಮ್ಮಾಗಿ ತುಂಬಿಕೊಡುವ ಔಷಧವಿಲ್ಲ, ‘ಇಮ್ಯುನಿಟಿ’ ಪುಡಿಗಳಂತೂ ವ್ಯರ್ಥ. ಎ, ಸಿ, ವೈ, ಡಬ್ಲ್ಯು ಗುಂಪುಗಳ ವಿರುದ್ಧದ ಮೆನಿಂಗೊಕಾಕಲ್ ಲಸಿಕೆಯನ್ನು ಎರಡು ಡೋಸ್ ಕೊಡಿಸಿ, ಐದು ವರ್ಷಕ್ಕೊಮ್ಮೆ ಬೂಸ್ಟರ್ ಹಾಕಿಸಬೇಕು. ಬಿ ಗುಂಪು ಅದರಲ್ಲಿ ಸೇರಿಲ್ಲವಾದ್ದರಿಂದ ಲಸಿಕೆಯ ನಂತರವೂ ಎಚ್ಚರ ಬೇಕು. ಜ್ವರದೊಂದಿಗೆ ತಲೆನೋವು, ವಾಂತಿ, ಅಥವಾ ಒತ್ತಿದರೂ ಮಾಸದ ನೇರಳೆ ಚುಕ್ಕೆಗಳು ಕಂಡರೆ, ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.

ನಿಮ್ಮ ಮದುವೆಯ ವಿಷಯ: ಇಂಥ ಕೊರತೆ ಹೆಚ್ಚಾಗಿ ತಂದೆ, ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗಲೇ ಕಾಣುತ್ತದೆ. ರಕ್ತಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು. ಆದರೆ ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮಗನಿಗೆ ಇಂಥ ಕೊರತೆಯಿದ್ದರೆ ಮಗಳಿಗೂ ಅದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳ ರಕ್ತವನ್ನೂ ಅಂದೇ ಕೊಡಿಸಿ. ಲಸಿಕೆಗೆ ವರದಿ ಬರುವವರೆಗೆ ಕಾಯಬೇಕಾಗಿಲ್ಲ.