ಎಚ್‌ಎಸ್‌ಜಿ (ಗರ್ಭಕೋಶದ ಟ್ಯೂಬ್‌ಗಳ ದಾರಿ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ) ಪರೀಕ್ಷೆ ಎಂದರೆ ತುಂಬಾ ಭಯ. ನೋವು ತಡೆದುಕೊಳ್ಳುವ ಧೈರ್ಯ ತಂದುಕೊಳ್ಳುವುದು ಹೇಗೆ? ಇಲ್ಲ, ಪೂರ್ತಿ ಅರಿವಳಿಕೆ ಕೊಡುವ ಕಡೆ ಹೋಗಲೇ?

ಧೈರ್ಯವನ್ನು ಬದಿಗಿಡಿ. ನಿಮಗೆ ಬೇಕಿರುವುದು ನೋವಿನ ಮಾತ್ರೆ, ಅದನ್ನು ಸರಿಯಾದ ಹೊತ್ತಿಗೆ ನುಂಗುವುದು, ಆಮೇಲೆ ಮೇಜಿನ ಮೇಲೆ ಮಲಗಿದಾಗ ನಿಜ ಹೇಳುವುದು. ಮಾತ್ರೆ ನನ್ನ ಬ್ಯಾಗಿನಲ್ಲೇ ಇತ್ತು. ಉಳಿದೆರಡನ್ನು ನಾನು ಮಾಡಲಿಲ್ಲ.

ಮದುವೆಯಾಗಿ ಕೆಲವು ವರ್ಷವಾದರೂ ಮಗು ಆಗಿಲ್ಲ, ಮುಂದಿನ ಮುಟ್ಟು ಮುಗಿದ ಮೇಲೆ ಟ್ಯೂಬ್ ಟೆಸ್ಟ್ ಮಾಡಿಸಿ ಅಂದಿದ್ದಾರೆ, ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ನನಗೂ ಹೀಗೇ ಆಗಿತ್ತು. ಈ ಪರೀಕ್ಷೆಗೆ ಒಂದು ಗಡುವಿದೆ. ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಯಾಗುವ ಮೊದಲು, ಸಾಮಾನ್ಯವಾಗಿ ಮುಟ್ಟು ಶುರುವಾದ ದಿನದಿಂದ ಎಣಿಸಿ 6ರಿಂದ 10ನೇ ದಿನದೊಳಗೆ ಮುಗಿಯಬೇಕು. ತಪ್ಪಿದರೆ ಮುಂದಿನ ತಿಂಗಳು. ಆ ಗಡುವಿನ ಭಯದಲ್ಲೇ ನಾನು ಒಂದೊಂದಾಗಿ ಎಡವಿದೆ.

ನಮ್ಮ ಡಾಕ್ಟರಮ್ಮ ಚೀಟಿಯಲ್ಲಿ ಒಂದು ಮಾತ್ರೆ ಬರೆದಿದ್ದರು. ಮುಟ್ಟಿನ ಹೊಟ್ಟೆನೋವಿಗೆ ನಮ್ಮಲ್ಲಿ ಎಲ್ಲರೂ ತಗೊಳ್ಳುವಂಥದ್ದೇ, ಮೆಫೆನಮಿಕ್ ಆಸಿಡ್ ಜೊತೆಗೆ ಸೆಳೆತ ಇಳಿಸುವ ಔಷಧ. 'ತಿಂಡಿ ತಿಂದು, ಪರೀಕ್ಷೆಗೆ ಒಂದು ಗಂಟೆ ಮೊದಲು' ಎಂದೂ ಹೇಳಿದ್ದರು. ನಾನು ತಿಂಡಿಯನ್ನೂ ತಿನ್ನಲಿಲ್ಲ, ಮಾತ್ರೆಯನ್ನೂ ನುಂಗಲಿಲ್ಲ.

ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಯಾಕಂದರೆ ಇವೇ ಕಾರಣಗಳು ನಿಮ್ಮ ತಲೆಯಲ್ಲೂ ಓಡುತ್ತಿರಬಹುದು. ರಕ್ತಪರೀಕ್ಷೆಗೆ ಹೋದಾಗಲೆಲ್ಲ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ಇದಕ್ಕೂ ಹಾಗೇ ಇರಬೇಕು, ಡಾಕ್ಟರು ಮರೆತು ತಿಂಡಿ ತಿನ್ನಿ ಅಂದಿದ್ದಾರೆ ಎಂದುಕೊಂಡೆ. ಕೇಳಲಿಲ್ಲ. ಮಾತ್ರೆ ದೇಹದೊಳಗೆ ಏನೋ ಬದಲು ಮಾಡಿ ರಿಪೋರ್ಟ್ ತಪ್ಪಾಗಿ ಬಂದರೆ ಎಂಬ ಅನುಮಾನ ಬೇರೆ. ಅದನ್ನೂ ಯಾರ ಹತ್ತಿರವೂ ಹೇಳಲಿಲ್ಲ. ಇದೆಲ್ಲದರ ಮೇಲೆ ಹಿಂದಿನ ರಾತ್ರಿ ಅತ್ತೆ ಒಂದು ಮಾತು ಅಂದಿದ್ದರು: 'ಇಷ್ಟಕ್ಕೇ ಮಾತ್ರೆ ಬೇಕು ಅಂದ್ರೆ ಹೆರಿಗೆ ನೋವು ಹೇಗೆ ತಡ್ಕೊತೀಯಮ್ಮ?' ಅವರು ಕೆಟ್ಟದಾಗಿ ಹೇಳಿದ್ದಲ್ಲ. ಅವರ ಕಾಲದಲ್ಲಿ ಅವರಿಗೆ ಯಾರೂ ಮಾತ್ರೆ ಕೊಟ್ಟಿರಲಿಲ್ಲ, ಅಷ್ಟೇ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಸಿಸ್ಟರ್ ಬಂದು 'ಮಾತ್ರೆ ತಗೊಂಡಿದ್ದೀರಾ?' ಎಂದು ಕೇಳಿದರು. 'ಹ್ಞೂಂ' ಅಂದೆ.

ಆ ಒಂದು 'ಹ್ಞೂಂ' ನನಗೆ ದುಬಾರಿಯಾಯಿತು. 'ಇಲ್ಲ' ಅಂದರೆ ಬೈಯುತ್ತಾರೆ, ಇವತ್ತು ಆಗಲ್ಲ ಎಂದು ವಾಪಸ್ ಕಳಿಸುತ್ತಾರೆ, ಒಂದು ತಿಂಗಳು ಹೋಗುತ್ತದೆ, ರಜೆ ಹಾಕಿ ಬಂದ ಯಜಮಾನರು ಮತ್ತೆ ರಜೆ ಕೇಳಬೇಕು ಎಂದೆಲ್ಲ ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿದೆ. ನಿಜ ಹೇಳಿದ್ದರೆ ಆಗುತ್ತಿದ್ದದ್ದು ಇಷ್ಟೇ. ಏನಾದರೂ ತಿನ್ನಿಸಿ, ಅಲ್ಲೇ ಮಾತ್ರೆ ಕೊಟ್ಟು, ನನ್ನನ್ನು ಸಾಲಿನ ಕೊನೆಗೆ ಹಾಕುತ್ತಿದ್ದರು. ಇನ್ನೊಂದನ್ನೂ ಮುಚ್ಚಿಟ್ಟೆ. ಹಿಂದೆ ಒಳಪರೀಕ್ಷೆ ಮಾಡಿದಾಗಲೂ ನನಗೆ ವಿಪರೀತ ನೋವಾಗಿ ಮೈಯೆಲ್ಲ ಬಿಗಿದುಕೊಂಡಿತ್ತು. ಅದನ್ನು ಹೇಳಲು ನಾಚಿಕೆ.

ಒಳಗೆ ಏನು ಮಾಡುತ್ತಾರೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಮೊದಲು ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಂ ಹಾಕುತ್ತಾರೆ. ಎಷ್ಟೋ ಸಲ ಗರ್ಭಕೋಶದ ಬಾಯಿಯನ್ನು ಇಕ್ಕಳದಂಥ ಒಂದು ಉಪಕರಣದಿಂದ ಹಿಡಿಯುತ್ತಾರೆ, ಆಗ ಚುರ್ ಅನ್ನುತ್ತದೆ. ಆಮೇಲೆ ಸಣ್ಣ ನಳಿಕೆ ತೂರಿಸಿ ಅಯೋಡಿನ್ ಇರುವ ಡೈ ಬಿಡುತ್ತಾರೆ. ಅದು ಗರ್ಭಕೋಶ ತುಂಬಿ, ಎರಡೂ ಟ್ಯೂಬ್‌ಗಳಲ್ಲಿ ಹರಿದು, ಕೊನೆಯಲ್ಲಿ ಹೊಟ್ಟೆಯೊಳಗೆ ಚೆಲ್ಲಿದರೆ ದಾರಿ ಸರಿಯಿದೆ ಎಂದರ್ಥ. ಎಕ್ಸ್‌ರೇಯಲ್ಲಿ ಅದನ್ನು ನೋಡುತ್ತಾರೆ. ಡೈ ತುಂಬುವಾಗಲೇ ಜಾಸ್ತಿ ನೋವು. ಮುಟ್ಟಿನ ನೋವನ್ನು ಒಟ್ಟು ಮಾಡಿ ಒಂದೇ ಸಲ ಕೊಟ್ಟ ಹಾಗೆ. ಹೆಚ್ಚಿನವರಿಗೆ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಕೆಲವರಿಗೆ ಏನೂ ಅನಿಸುವುದೇ ಇಲ್ಲ. ನನ್ನ ಓರಗಿತ್ತಿ ಮಾಡಿಸಿಕೊಂಡು ಅವತ್ತೇ ಸಂಜೆ ಮದುವೆಮನೆಗೆ ಹೋಗಿದ್ದಳು.

ನಾನು ಉಸಿರು ಬಿಗಿಹಿಡಿದೆ. ಕಾಲು ನಡುಗುತ್ತಿತ್ತು. 'ಸಡಿಲ ಬಿಡಿ ಮೇಡಂ' ಅಂದಷ್ಟೂ ಬಿಗಿಯಾಯಿತು. ಬಾಯಿ ಮಾತ್ರ ಬಿಡಲಿಲ್ಲ. ಒಂದು ಸಲವೂ 'ನಿಲ್ಲಿಸಿ' ಅನ್ನಲಿಲ್ಲ. ಡೈ ಮುಂದೆ ಹೋಗಲಿಲ್ಲ. ಎರಡೂ ಟ್ಯೂಬು ಬುಡದಲ್ಲೇ ಬ್ಲಾಕ್ ಎಂದು ರಿಪೋರ್ಟ್ ಬಂತು.

ಆ ರಿಪೋರ್ಟ್ ಹಿಡಿದು ನಾವು ಕಳೆದ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಹಜವಾಗಿ ಮಗು ಆಗುವುದೇ ಇಲ್ಲ ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟರು, ನಾನೂ ಸೇರಿ. ಐವಿಎಫ್‌ಗೆ ಸಾಲ ಎಲ್ಲಿ ಸಿಗುತ್ತದೆ ಎಂಬ ಮಾತು ಶುರುವಾಗಿತ್ತು. ಅದಕ್ಕೆ ಮೊದಲು ಒಮ್ಮೆ ಖಚಿತ ಮಾಡಿಕೊಳ್ಳೋಣ ಎಂದು ಡಾಕ್ಟರಮ್ಮ ಲ್ಯಾಪ್ರೋಸ್ಕೋಪಿ ಹೇಳಿದರು. ಪೂರ್ತಿ ಅರಿವಳಿಕೆ, ಹೊಟ್ಟೆಯಲ್ಲಿ ಸಣ್ಣ ತೂತು, ಒಳಗೆ ಕ್ಯಾಮೆರಾ, ಕೆಳಗಿನಿಂದ ನೀಲಿ ಡೈ. ನಮ್ಮಲ್ಲಿ ಟ್ಯೂಬ್ ಕೆಡಲು ಟಿಬಿ ಒಂದು ದೊಡ್ಡ ಕಾರಣವಾದ್ದರಿಂದ ಗರ್ಭಕೋಶದ ಒಳಪದರದ ಚೂರನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಟಿಬಿ ಇರಲಿಲ್ಲ. ನೀಲಿ ಡೈ ಎರಡೂ ಕಡೆಯಿಂದ ಸಲೀಸಾಗಿ ಹೊರಗೆ ಬಂದಿತ್ತು. ಬ್ಲಾಕ್ ಇರಲೇ ಇಲ್ಲ.

ಟ್ಯೂಬು ಗರ್ಭಕೋಶಕ್ಕೆ ಸೇರುವ ಮೂಲೆಯಲ್ಲಿ ದಾರಿ ಬಹಳ ಕಿರಿದು, ಸುಮಾರು ಒಂದು ಮಿಲಿಮೀಟರ್. ಸುತ್ತಲೂ ಮಾಂಸಖಂಡ. ಗರ್ಭಕೋಶ ಹಿಂಡಿಕೊಂಡರೆ ಆ ಕಿರಿದಾರಿಯೂ ಮುಚ್ಚಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಅದು ಬ್ಲಾಕ್ ಥರವೇ ಕಾಣುತ್ತದೆ. ಇದಕ್ಕೆ ಸ್ಪಾಸಂ ಅನ್ನುತ್ತಾರೆ. ಬುಡದಲ್ಲಿ ಬ್ಲಾಕ್ ಎಂದು ಬಂದ ಎಷ್ಟೋ ಜನರಿಗೆ ಮತ್ತೊಮ್ಮೆ ನೋಡಿದಾಗ ದಾರಿ ತೆರೆದೇ ಇರುತ್ತದೆ. 'ಅವತ್ತು ಮಾತ್ರೆ ತಗೊಂಡಿದ್ರಾ?' ಎಂದು ಡಾಕ್ಟರಮ್ಮ ಕೇಳಿದಾಗ ನಿಜ ಹೇಳಿದೆ. ಅವರು ಬೈಯಲಿಲ್ಲ. ಮಾತ್ರೆ ತಗೊಂಡವರಿಗೂ ಸ್ಪಾಸಂ ಆಗಬಹುದು, ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಅಂದರು. ಆದರೆ ಗೊತ್ತಿದ್ದರೆ ಸ್ವಲ್ಪ ಹೊತ್ತು ಕಾಯುತ್ತಿದ್ದರು, ಸೆಳೆತ ಬಿಡಿಸುವ ಇಂಜೆಕ್ಷನ್ ಕೊಟ್ಟು ಇನ್ನೊಮ್ಮೆ ನಿಧಾನವಾಗಿ ಡೈ ಬಿಡುತ್ತಿದ್ದರು.

ಅದಕ್ಕೇ ಹೇಳುತ್ತಿದ್ದೇನೆ. ಬಾಯಿ ಮುಚ್ಚಿಕೊಂಡು ತಡೆದುಕೊಂಡರೆ ಪರೀಕ್ಷೆಯೇ ಕೆಡಬಹುದು. ನೋವಿಗೆ ಔಷಧ ಕೇಳುವುದು ನಾಜೂಕು ತೋರಿಸುವುದಲ್ಲ, ರಿಪೋರ್ಟ್ ಸರಿಯಾಗಿ ಬರಲು ಬೇಕಾದ ತಯಾರಿ ಅದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಡೆದುಕೊಳ್ಳಲೇ ಅಥವಾ ಅರಿವಳಿಕೆಯೇ ಎಂದು ಎರಡೇ ದಾರಿ ಇಟ್ಟುಕೊಂಡಿದ್ದೀರಿ. ನಡುವೆ ಬೇಕಾದಷ್ಟಿದೆ. ನೋವಿನ ಮಾತ್ರೆ ಗರ್ಭಕೋಶವನ್ನು ಹಿಂಡಿಸುವ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ, ಅದಕ್ಕೇ ಮೊದಲೇ ತಗೊಳ್ಳಬೇಕು. ನೋವು ಬಂದ ಮೇಲೆ ನುಂಗಿದರೆ ಅದು ಕೆಲಸ ಶುರು ಮಾಡುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದರೆ ಈ ಜಾತಿಯ ಮಾತ್ರೆ ಬೇಡ, ಬೇರೆ ಕೇಳಿ. ಅಯೋಡಿನ್ ಅಲರ್ಜಿ ಇದ್ದರೆ ಈಗಲೇ ಹೇಳಿ.

ಆದರೆ ಮಾತ್ರೆಯೊಂದೇ ಎಲ್ಲರಿಗೂ ಸಾಲುವುದಿಲ್ಲ. ಗರ್ಭಕೋಶದ ಬಾಯಿಯ ನೋವು ಒಂದು ನರದ ದಾರಿಯಲ್ಲಿ ಹೋಗುತ್ತದೆ, ಮೇಲ್ಭಾಗದ ಸೆಳೆತ ಇನ್ನೊಂದರಲ್ಲಿ. ಗರ್ಭಕೋಶದ ಬಾಯಿಗೆ ಹಚ್ಚುವ ಮರಗಟ್ಟಿಸುವ ಜೆಲ್ಲು, ಕ್ರೀಮು ಅಥವಾ ಸುತ್ತ ಕೊಡುವ ಲಿಗ್ನೊಕೇನ್ ಇಂಜೆಕ್ಷನ್ ಇಕ್ಕಳ ಹಿಡಿಯುವಾಗಿನ ನೋವಿಗೆ ಒಳ್ಳೆಯದು, ಡೈ ತುಂಬುವಾಗಿನ ಸೆಳೆತಕ್ಕೆ ಅಷ್ಟು ತಟ್ಟುವುದಿಲ್ಲ. ಹಾಗಾಗಿ 'ಎರಡಕ್ಕೂ ಏನಾದರೂ ಕೊಡುತ್ತೀರಾ?' ಎಂದು ಕೇಳಿ. ಡೈ ನಿಧಾನವಾಗಿ ಬಿಡಿ, ತಣ್ಣಗಿದ್ದರೆ ಮೈ ಬಿಸಿಗೆ ತಂದು ಬಿಡಿ ಎಂದೂ ಕೇಳಬಹುದು, ಇದಕ್ಕೆ ಖರ್ಚೇ ಇಲ್ಲ. ಆತಂಕ ಜಾಸ್ತಿ ಇದ್ದರೆ ಅದಕ್ಕೂ ಒಂದು ಡೋಸ್ ಮಾತ್ರೆ ಬರೆದುಕೊಡುತ್ತಾರೆ, ಅವತ್ತು ಸ್ಕೂಟರ್ ಓಡಿಸಬೇಡಿ.

ಎಕ್ಸ್‌ರೇ ಬದಲು ಅಲ್ಟ್ರಾಸೌಂಡ್‌ನಲ್ಲಿ ಸಲೈನ್ ಅಥವಾ ನೊರೆ ಬಿಟ್ಟು ನೋಡುವ ವಿಧಾನವೂ ಇದೆ. ನೆದರ್ಲೆಂಡ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಎರಡನ್ನೂ ಮಾಡಿ ನೋಡಿದಾಗ ನೊರೆಯ ಪರೀಕ್ಷೆಯಲ್ಲಿ ನೋವು ಸ್ಪಷ್ಟವಾಗಿ ಕಡಿಮೆ ಇತ್ತು. ಎಲ್ಲ ಊರಲ್ಲೂ ಸಿಗುವುದಿಲ್ಲ, ಆದರೂ ಕೇಳಿ.

ಪೂರ್ತಿ ಅರಿವಳಿಕೆ? ಒಳಪರೀಕ್ಷೆಯೇ ಅಸಾಧ್ಯ ಅನ್ನುವಷ್ಟು ಮೈ ಬಿಗಿಯುವವರಿಗೆ, ಹಿಂದೆ ಯಾರಿಂದಲೋ ಹಿಂಸೆ ಅನುಭವಿಸಿದವರಿಗೆ ಅದು ನ್ಯಾಯವಾದ ಬೇಡಿಕೆ. ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಉಳಿದವರಿಗೆ ಹತ್ತು ಹದಿನೈದು ನಿಮಿಷದ ಪರೀಕ್ಷೆಗೆ ಅದು ಜಾಸ್ತಿಯೇ. ಅರಿವಳಿಕೆ ತಜ್ಞರು ಬೇಕು, ಉಪವಾಸ ಬೇಕು, ಖರ್ಚೂ ಬೇರೆ. ಅರಿವಳಿಕೆಗೆ ಸಹಿ ಹಾಕುವುದಾದರೆ ಯಾವುದಕ್ಕೆ ಒಪ್ಪಿದ್ದೀರಿ ಎಂದು ಓದಿ ಹಾಕಿ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆಯಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಪರೀಕ್ಷೆಗೆಂದು ಲ್ಯಾಪ್ರೋಸ್ಕೋಪಿಗೆ ಮಲಗಿದ್ದ ಹೆಂಗಸಿನ ಗರ್ಭಕೋಶವನ್ನೇ ತೆಗೆದ ಪ್ರಕರಣ ಅದು.

'ಎಲ್ಲರೂ ತಡ್ಕೋತಾರೆ, ನಿಮಗೇನು?' ಎಂದು ಯಾರಾದರೂ ಅಂದರೆ ಕುಗ್ಗಬೇಡಿ. ಹಿಸ್ಟರೋಸ್ಕೋಪಿಗೆ (ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಬರುವವರಿಗೆ ನೋವು ನಿವಾರಣೆಯ ಆಯ್ಕೆಗಳನ್ನು ಮೊದಲೇ ತಿಳಿಸಬೇಕು ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2023ರಲ್ಲಿ ಬರೆದಿದೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2025ರ ಮೇ ತಿಂಗಳಲ್ಲಿ, ಕ್ಲಿನಿಕ್‌ನಲ್ಲಿ ಮಾಡುವ ಗರ್ಭಕೋಶದ ಪ್ರಕ್ರಿಯೆಗಳ ನೋವಿನ ಬಗ್ಗೆಯೇ ಮಾರ್ಗಸೂಚಿ ತಂದಿತು. ಹೆಂಗಸರ ನೋವನ್ನು ಇಷ್ಟು ದಿನ ಕಡೆಗಣಿಸಿದ್ದೇವೆ ಎಂದು ಡಾಕ್ಟರುಗಳೇ ಒಪ್ಪಿಕೊಂಡಿರುವಾಗ ನಾವು ಯಾಕೆ ನಾಚಿಕೊಳ್ಳಬೇಕು?

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗಿದೆಯಾ? ನಿಮ್ಮ ಬರಹದಲ್ಲಿ ಅದರ ಸುಳಿವಿಲ್ಲ. ಅದಕ್ಕೆ ಸೂಜಿಯಿಲ್ಲ, ನೋವಿಲ್ಲ. ಅದು ಆಗದೆ ಹೆಂಡತಿಯನ್ನು ಎಚ್‌ಎಸ್‌ಜಿ ಮೇಜಿಗೆ ಕಳಿಸುವುದು ನನ್ನ ಪ್ರಕಾರ ತಪ್ಪು. ಆಗಿಲ್ಲವಾದರೆ ಈ ತಿಂಗಳು ಅದನ್ನು ಮಾಡಿಸಿ, ನಿಮ್ಮದು ಮುಂದಿನ ತಿಂಗಳಿಗಿರಲಿ.

ಡಾಕ್ಟರ ಹತ್ತಿರ ಹೋದಾಗ ಇಷ್ಟು ಹೇಳಿ: 'ಮೇಡಂ, ನನಗೆ ತುಂಬಾ ಭಯ ಇದೆ, ಹಿಂದೆ ಒಳಪರೀಕ್ಷೆಯಲ್ಲಿ ಹೀಗಾಗಿತ್ತು, ನೋವಿಗೆ ಏನು ಕೊಡ್ತೀರಿ, ನಾನು ಕೈ ಎತ್ತಿದ್ರೆ ನಿಲ್ಲಿಸ್ತೀರಾ?' ಎದುರಿಗೆ ಹೇಳಲು ಬಾಯಿ ಬರದಿದ್ದರೆ ಹಾಳೆಯಲ್ಲಿ ಬರೆದು ಕೊಡಿ. ಪರೀಕ್ಷೆ ಮಾಡುವವರು ಗಂಡಸಾದರೆ ಕೋಣೆಯಲ್ಲಿ ಒಬ್ಬ ಹೆಂಗಸು ಇರಲೇಬೇಕು ಎಂದು ಕೇಳುವುದು ನಿಮ್ಮ ಹಕ್ಕು, ಮಾನವ ಹಕ್ಕು ಆಯೋಗದ ರೋಗಿಗಳ ಹಕ್ಕುಪಟ್ಟಿಯಲ್ಲೇ ಇದೆ. ಮಲಗಿದಾಗ ಉಸಿರು ಹಿಡಿಯಬೇಡಿ, ಬಾಯಿಂದ ಉದ್ದಕ್ಕೆ ಬಿಡಿ. ಮುಗಿದ ತಕ್ಷಣ ಎದ್ದು ನಿಲ್ಲಬೇಡಿ. ಕೆಲವರಿಗೆ ನಾಡಿ ಇಳಿದು ತಲೆ ಸುತ್ತುತ್ತದೆ, ಸ್ವಲ್ಪ ಹೊತ್ತು ಮಲಗಿರಿ.

ಪ್ಯಾಡ್ ಇಟ್ಟುಕೊಂಡು ಹೋಗಿ, ಅಂಟು ಡೈ ಹೊರಗೆ ಬರುತ್ತದೆ. ಒಂದೆರಡು ದಿನ ಸ್ವಲ್ಪ ರಕ್ತ ಕಾಣಿಸಬಹುದು, ಹೊಟ್ಟೆ ಹಿಡಿದ ಹಾಗಿರಬಹುದು. ಜ್ವರ ಬಂದರೆ, ವಾಸನೆಯ ಸ್ರಾವವಾದರೆ, ನೋವು ಇಳಿಯುವ ಬದಲು ಏರುತ್ತಾ ಹೋದರೆ ಬೆಳಗಾಗಲಿ ಎಂದು ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ರಿಪೋರ್ಟಿನಲ್ಲಿ ಬುಡದಲ್ಲಿ ಬ್ಲಾಕ್ ಎಂದು ಬಂದರೆ, ಬೇರೆ ಯಾವ ಮಾತಿಗೂ ಮೊದಲು 'ಇದು ಸ್ಪಾಸಂ ಇರಬಹುದಾ?' ಎಂದು ಕೇಳಿ.