ಒಂದೇ ಜಾತಿ ಮರದಲ್ಲಿ ಅದ್ಯಾವ ವೈವಿಧ್ಯ?

ಯಲಹಂಕದ ಓದುಗರೊಬ್ಬರ ಪತ್ರದ ಸಾರ ಇಷ್ಟು: "ನಿಮ್ಮ ಪತ್ರಿಕೆಯಲ್ಲಿ ಓದಿ, ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ಮಕ್ಕಳನ್ನೂ ಅಪ್ಪನನ್ನೂ ಕರೆದುಕೊಂಡು ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ ಹೋಗಿದ್ದೆವು. ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಬರೆದಿದ್ದಿರಿ. ಹೋಗಿ ನೋಡಿದರೆ ಬರೀ ಹುಣಸೆಮರ. ಒಂದೇ ಜಾತಿ ಮರದಲ್ಲಿ ಅದ್ಯಾವ ವೈವಿಧ್ಯ ಸ್ವಾಮಿ? ಸ್ವಲ್ಪ ಹೊತ್ತಿಗೇ ಮಕ್ಕಳಿಗೆ ಬೇಜಾರಾಯಿತು. ಹುಣಸೆಮರದ ಕೆಳಗೆ ಮಕ್ಕಳನ್ನು ಕೂರಿಸಬೇಡ ಅಂತ ಅಪ್ಪ ಬೈದರು. ಯಾರೋ ಒಡೆದ ಬಾಟಲಿ ಚೂರು ಬೇರೆ. ಓದುಗರನ್ನು ಸುಮ್ನೆ ಓಡಾಡಿಸಬೇಡಿ. ಕೊನೆಗೊಂದು ಪ್ರಶ್ನೆ: ಅಲ್ಲಿ ಬಿದ್ದ ಹುಣಸೆಹಣ್ಣು ಆರಿಸಿಕೊಳ್ಳಬಹುದಾ?"

ಪತ್ರದಲ್ಲಿ ಸಿಟ್ಟಿದೆ. ಆದರೆ ವೈವಿಧ್ಯದ ಪ್ರಶ್ನೆ ಬಹಳ ಒಳ್ಳೆಯದು. ಅದನ್ನೇ ಮೊದಲು ನೋಡೋಣ.

ನಲ್ಲೂರಿನ ತೋಪು 54 ಎಕರೆ. ಹತ್ತಿರ ಹತ್ತಿರ 300 ಹುಣಸೆಮರಗಳಿವೆ. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ, ದೇಶದಲ್ಲೇ ಮೊದಲ ಪಾರಂಪರಿಕ ತಾಣ ಎಂದು 2007ರಲ್ಲಿ ಘೋಷಣೆಯಾದದ್ದು ಇದೇ ತೋಪು. ಆಮೇಲೆ ನಮ್ಮ ರಾಜ್ಯದ ಹೊಗರೇಕಾನು, ಅಂಬಾರಗುಡ್ಡ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಆ ಪಟ್ಟಿಗೆ ಸೇರಿದವು. ಪಶ್ಚಿಮಘಟ್ಟದ ದಟ್ಟ ಕಾಡುಗಳೆಲ್ಲ ಇರುವಾಗ ಬಯಲುಸೀಮೆಯ ಹುಣಸೆ ತೋಪು ಮೊದಲ ಸಾಲಿಗೆ ಬಂತಲ್ಲ, ಯಾಕೆ?

ವೈವಿಧ್ಯ ಅಂದರೆ ಹತ್ತಾರು ಜಾತಿ ಗಿಡಮರ ಒಂದೆಡೆ ಇರುವುದು ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಅದು ಒಂದು ಬಗೆ. ಒಂದೇ ಜಾತಿಯೊಳಗಿನ ವ್ಯತ್ಯಾಸ ಇನ್ನೊಂದು ಬಗೆ. ಇವತ್ತು ನರ್ಸರಿಯಿಂದ ತರುವ ಕಸಿ ಗಿಡಗಳು ತಾಯಿಮರದ ನಕಲು. ಬೀಜದಿಂದ ಎದ್ದ ಹುಣಸೆ ಹಾಗಲ್ಲ. ಜೇನುಹುಳ ಯಾವ ಮರದ ಪರಾಗವನ್ನು ಯಾವ ಮರಕ್ಕೆ ಒಯ್ಯುತ್ತದೋ ಹೇಳಲಾಗದು. ಹುಟ್ಟುವ ಮರಗಳು ಒಂದೇ ತಾಯಿಯ ಮಕ್ಕಳ ಹಾಗೆ, ಮುಖ ಬೇರೆ, ಗುಣ ಬೇರೆ. ಒಂದರ ಕಾಯಿ ನೆಟ್ಟಗೆ, ಇನ್ನೊಂದರದ್ದು ಕುಡುಗೋಲಿನಂತೆ ಬಾಗಿದ್ದು. ಒಂದರಲ್ಲಿ ತಿರುಳು ಜಾಸ್ತಿ, ಇನ್ನೊಂದರಲ್ಲಿ ಬರೀ ನಾರು, ಬೀಜ. ಹುಳಿಯಲ್ಲೂ ಅಷ್ಟೇ. ಊರಿನಲ್ಲಿ ಹುಣಸೆ ಕುಟ್ಟಿದವರನ್ನು ಕೇಳಿ, ಯಾವ ಮರದ್ದು ಸಾರಿಗೆ, ಯಾವುದು ಉಪ್ಪಿನಕಾಯಿಗೆ ಅಂತ ಬೆರಳು ತೋರಿಸಿ ಹೇಳುತ್ತಾರೆ.

ಇದರಿಂದ ಏನು ಲಾಭ ಅಂತ ನೀವು ಕೇಳಬಹುದು. ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸಿನ ಹೆಸರು ಕೇಳಿರುತ್ತೀರಿ. ಒಬ್ಬ ರೈತರ ಜಮೀನಿನಲ್ಲಿದ್ದ ಒಂದೇ ಒಂದು ಮರ ಅದು, ಕೆಂಪು ತೊಳೆಯದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿದ ಮೇಲೆ ಕಸಿ ಗಿಡಗಳಿಗೆ ಜನ ಮುಗಿಬಿದ್ದರು. ಆ ಮರವನ್ನು ಯಾರಾದರೂ ಮೊದಲೇ ಕಡಿದು ಸೌದೆ ಮಾಡಿದ್ದರೆ? ನಲ್ಲೂರಿನ ಒಂದೊಂದು ಮರವೂ ಅಂಥದ್ದೊಂದು ಮರ ಆಗಿರಬಹುದು. ಆಗಿಲ್ಲದೆಯೂ ಇರಬಹುದು. ಗೊತ್ತಾಗುವ ತನಕ ಮರ ಇರಬೇಕಲ್ಲ.

ಈಗ ಬೇಜಾರಿನ ವಿಷಯ. ನೀವು ಹೋದದ್ದು ಏಪ್ರಿಲ್ ಮಧ್ಯಾಹ್ನ. ಆ ಬಿಸಿಲಲ್ಲಿ ಯಾವ ಕಾಡೂ ಚೆನ್ನಾಗಿ ಕಾಣುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ, ಜೂನ್ ಹೊತ್ತಿಗೆ, ಬೆಳಗ್ಗೆ ಬೇಗ ಹೋಗಿ. ಹುಣಸೆ ಹೂವನ್ನು ಹತ್ತಿರದಿಂದ ನೋಡಿದವರು ಕಡಿಮೆ. ಮೊಗ್ಗು ಕೆಂಪಗಿರುತ್ತದೆ. ಬಿರಿದರೆ ತಿಳಿಹಳದಿ ಎಸಳು, ಅದರ ಮೇಲೆ ಸೂಜಿಯಲ್ಲಿ ಎಳೆದಂತೆ ಕೆಂಪು ಗೀರು. ಹೂ ಪುಟ್ಟದು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಮಕ್ಕಳ ಕೈಗೆ ಒಂದು ಭೂತಗನ್ನಡಿ ಕೊಡಿ. ಸಂಜೆ ಕತ್ತಲಾಗುವ ಹೊತ್ತಿಗೆ ಇನ್ನೊಂದು ಆಟ ಇದೆ: ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ.

ಬುಡಗಳನ್ನೂ ಗಮನಿಸಿ. ಕೆಲವು ಮರಗಳಿಗೆ 400 ವರ್ಷ ದಾಟಿದೆ ಎನ್ನುತ್ತಾರೆ. ಹಳೆಯ ಹುಣಸೆಯ ಒಡಲು ಟೊಳ್ಳಾಗಿರುತ್ತದೆ, ಒಳಗಿನ ಸುತ್ತು ಎಣಿಸಿ ವಯಸ್ಸು ಹೇಳುವ ಮಾತೇ ಇಲ್ಲ. ಒಳಗೆ ಖಾಲಿ, ಸುತ್ತ ಹಗ್ಗ ಹೊಸೆದಂತೆ ತಿರುಚಿಕೊಂಡ ಕಾಂಡ, ಪಕ್ಕದಲ್ಲೇ ಬುಡದಿಂದೆದ್ದ ಹೊಸ ಕೊಂಬೆ. ಇಂಥ ಪೊಟರೆಗಳೆಂದರೆ ಹಾಲಕ್ಕಿಗೆ, ಗಿಳಿಗೆ ಇಷ್ಟ. ಮರ ಮುಪ್ಪಾದರೆ ಹುಳಿ ಮುಪ್ಪೇ ಅನ್ನುವ ಗಾದೆ ಕಟ್ಟಿದವರು ಇಂಥದ್ದೇ ಮರ ನೋಡಿರಬೇಕು. ತೋಪಿನೊಳಗೆ ಚನ್ನಕೇಶವನ ಹಳೇ ಕಲ್ಲಿನ ಗುಡಿ ಪಾಳುಬಿದ್ದಿದೆ. ಚೋಳರ ಕಾಲದ್ದೆಂದು ಊರವರ ಮಾತು.

ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ. ಹುಣಸೆಮರದಲ್ಲಿ ದೆವ್ವ ಇರುತ್ತದೆ ಅಂತ ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಬಾಟಲಿ ಒಡೆಯುವವರನ್ನು ಓಡಿಸಲು ಒಂದೆರಡು ದೆವ್ವ ಅಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಅಲ್ವಾ?

ತೋಪು ನೋಡಿ ಹಾಗೇ ಕಾರು ತಿರುಗಿಸಿಕೊಂಡು ಬಂದಿರಿ, ನಮಗೆ ಬೇಸರವಾದದ್ದು ಅದಕ್ಕೆ. ಸುತ್ತಲಿನ ಹೊಲ ನೋಡದಿದ್ದರೆ ತೋಪು ಅರ್ಧವೇ ಕಂಡ ಹಾಗೆ. ಹೂಬಿಟ್ಟಾಗ ಬರುವ ಜೇನುಹುಳಕ್ಕೆ ಉಳಿದ ತಿಂಗಳುಗಳಲ್ಲಿ ಊಟ ಬೇಕು. ಅದು ಸಿಗುವುದು ಬೇಲಿಯ ಹೊಂಗೆಯಲ್ಲಿ, ಹೊಲದ ಹುಚ್ಚೆಳ್ಳಿನಲ್ಲಿ. ದೇವನಹಳ್ಳಿಯಿಂದ ಸೂಲಿಬೆಲೆ ಕಡೆಗೆ ಹೋಗುವ ದಾರಿಯಲ್ಲಿ ಕಾರ್ತಿಕದ ಹೊತ್ತಿಗೆ ಹೋಗಿ. ರಾಗಿ ತೆನೆ ಬಲಿತಿರುತ್ತದೆ. ನಡುನಡುವೆ ಅಕ್ಕಡಿ ಸಾಲಿನಲ್ಲಿ, ಅಂದರೆ ಮುಖ್ಯ ಬೆಳೆಯ ಮಧ್ಯೆ ಬಿತ್ತಿದ ಬೇರೆ ಬೆಳೆಯ ಸಾಲಿನಲ್ಲಿ, ಅವರೆ ಹೂ. ಪಕ್ಕದಲ್ಲಿ ಹಿಪ್ಪುನೇರಳೆ, ಆಚೆ ದ್ರಾಕ್ಷಿ ಚಪ್ಪರ. ಅಲ್ಲಲ್ಲಿ ನೀಲಗಿರಿ ತೋಪೂ ಕಾಣುತ್ತದೆ. ಹೊಸದಾಗಿ ನೆಡಬಾರದು ಅಂತ ಸರ್ಕಾರ 2017ರಲ್ಲೇ ಆದೇಶ ಮಾಡಿದೆ. ಹುಣಸೆಯ ನೆರಳಿನಿಂದ ನೇರ ನೀಲಗಿರಿ ಸಾಲಿಗೆ ನಡೆದು ಹೋಗಿ ನೋಡಿ, ಹಕ್ಕಿಯ ಸದ್ದೇ ಕಮ್ಮಿ. ಇನ್ನು ಚಕ್ಕೋತ. ಈ ಊರಿನದ್ದೇ ವಿಶೇಷ ಎಂಬ ಭೌಗೋಳಿಕ ಗುರುತು (ಜಿಐ) ಪಡೆದ ದೇವನಹಳ್ಳಿ ಚಕ್ಕೋತದ ಮರ ಹಿತ್ತಿಲಲ್ಲಿ ಕಂಡರೆ ಮನೆಯವರನ್ನು ಮಾತನಾಡಿಸಿ. ಮೊದಲಿನಷ್ಟು ಮರ ಈಗಿಲ್ಲ ಅಂತ ಅವರೇ ಹೇಳುತ್ತಾರೆ.

ತೋಪಿಗೆ ಮಾನ್ಯತೆ ಸಿಕ್ಕ ಮರುವರ್ಷವೇ, 2008ರಲ್ಲಿ, ವಿಮಾನ ನಿಲ್ದಾಣ ತೆರೆಯಿತು. ಎಕರೆ ಲೆಕ್ಕದ ಜಮೀನು ಸೈಟಿನ ಲೆಕ್ಕಕ್ಕೆ ಬಂತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಸ್ವಾಧೀನ ಮಾಡಲು ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತದ್ದು ನೆನಪಿರಬೇಕು. ನಲ್ಲೂರಿನ ಹೆಸರೂ ಆ ಹಳ್ಳಿಗಳ ಪಟ್ಟಿಯಲ್ಲಿತ್ತು. 2025ರ ಜುಲೈನಲ್ಲಿ ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಎಂದು ಪ್ರಕಟಿಸಿದರು. 54 ಎಕರೆಗೆ ಕಾನೂನಿನ ಬೇಲಿ ಇದೆ, ಸರಿ. ಸುತ್ತ ಗೋದಾಮು, ಕಾಂಪೌಂಡು ಎದ್ದರೆ ಒಳಗಿನ ಮರಗಳು ಹಣ್ಣು ಬಿಡುತ್ತವಾ ಅನ್ನುವುದು ಬೇರೆಯೇ ಪ್ರಶ್ನೆ. ನಮ್ಮ ಪ್ರಕಾರ ಆ ರೈತರು ಉಳಿಸಿದ್ದು ತಮ್ಮ ಹೊಲವನ್ನಷ್ಟೇ ಅಲ್ಲ.

ಬಾಟಲಿ, ಪ್ಲಾಸ್ಟಿಕ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಪಂಚಾಯಿತಿಗೆ ಒಂದು ಕಾಗದ ಬರೆಯಿರಿ, ನಮಗೆ ಬರೆದಷ್ಟೇ ಖಾರವಾಗಿ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಕಾಗದ ಆ ಸಮಿತಿಯ ಹೆಸರಿಗೇ ಹೋಗಲಿ.

ಕೊನೆಯ ಪ್ರಶ್ನೆ. ಕಲ್ಲು ಹೊಡೆದು ಕೆಡವಬೇಡಿ, ಕೊಂಬೆ ಜಗ್ಗಬೇಡಿ, ಚೀಲ ತುಂಬಿಸಿಕೊಂಡು ಬರಬೇಡಿ. ಮಕ್ಕಳು ಬಿದ್ದದ್ದರಲ್ಲಿ ಒಂದೆರಡು ಕಾಯಿ ಎತ್ತಿ ಬಾಯಿಗೆ ಹಾಕಿಕೊಂಡರೆ ಯಾರೂ ಗದರುವುದಿಲ್ಲ. ಬೇರೆ ಬೇರೆ ಮರದ ಕೆಳಗಿನದ್ದನ್ನು ರುಚಿ ನೋಡಲಿ. ಮನೆಗೆ ಹಣ್ಣು ಬೇಕಾದರೆ ಊರಿನಲ್ಲಿ ವಿಚಾರಿಸಿ ಕೊಂಡುಕೊಳ್ಳಿ. ಬೆಲ್ಲ, ಜೀರಿಗೆ, ಉಪ್ಪು, ಒಣಮೆಣಸಿನಕಾಯಿ ಹಾಕಿ ಚಿಗಳಿ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಕೊಡಿ. ಮುಂದಿನ ಸಲ ನಲ್ಲೂರಿಗೆ ಹೊರಡೋಣ ಅಂತ ಮಕ್ಕಳೇ ಪೀಡಿಸುತ್ತಾರೆ.

– ಸಂ.