ಬೋರ್‌ವೆಲ್ ನೀರಿಗೆ ಯಾವ ನಲ್ಲಿ ಹೆಚ್ಚು ಬಾಳುತ್ತದೆ: ನಿಕಲ್ ಲೇಪದ್ದೋ, ಬರೀ ಹಿತ್ತಾಳೆಯದ್ದೋ?

ಕಲಬುರಗಿಯ ಹೊಸ ಮನೆಗೆ, ಅದೂ ಬೋರ್‌ವೆಲ್ ನೀರಿಗೆ ಎಂದಿದ್ದೀರಿ. ಇದೇ ಊರಿನಲ್ಲಿ ಪ್ಲಂಬರ್ ಕೆಲಸ ಮಾಡುವವನಾಗಿ ಹೇಳುತ್ತೇನೆ: ಅಂಗಳಕ್ಕೆ, ನೀರಿನ ತೊಟ್ಟಿಗೆ, ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಲೇಪವಿಲ್ಲದ ಹಿತ್ತಾಳೆ ನಲ್ಲಿಯನ್ನೇ ಹಾಕಿಸಿ. ಸ್ನಾನದ ಮನೆಗೆ ಹೊಳಪು ಬೇಕೆನಿಸಿದರೆ ಲೇಪದ್ದು ಇರಲಿ.

ಲೇಪವೆಂದರೆ ಹಿತ್ತಾಳೆಯ ಮೇಲೆ ಕೆಲವು ಮೈಕ್ರಾನ್ ನಿಕಲ್, ಅದರ ಮೇಲೆ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗೂ ತೆಳುವಾದ ಕ್ರೋಮಿಯಂ. ನಿಕಲ್ ಗಟ್ಟಿ, ಬೇಗ ಕಿಲುಬು ಹಿಡಿಯುವುದಿಲ್ಲ, ನಿಜ. ಆದರೆ ನಲ್ಲಿ ಸೋರುವುದು ಒಳಗಿನ ವಾಷರ್ ಸವೆದಾಗ, ಅದು ಕೂರುವ ಜಾಗ ಕೊರೆದುಹೋದಾಗ. ಅಲ್ಲಿ ಹೊರಗಿನ ಲೇಪ ಏನೂ ಮಾಡಲಾರದು.

ನಮ್ಮ ಜಿಲ್ಲೆಯ ಹಲವು ಕಡೆ ನೆಲದಡಿ ಸುಣ್ಣಕಲ್ಲಿದೆ. ಶಹಾಬಾದ್ ಕಲ್ಲು ಸಿಗುವುದೂ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೂ ಅದರಿಂದಲೇ. ಇಲ್ಲಿನ ಬೋರ್‌ವೆಲ್ ನೀರೂ ಗಡಸು. ಈ ನೀರು ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟುತ್ತದೆ. ಅದನ್ನು ತೆಗೆಯಲು ಜನ ಶೌಚಾಲಯ ತೊಳೆಯುವ ಆಸಿಡ್ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ! ಲೇಪದ ಸಣ್ಣ ಬಿರುಕುಗಳಲ್ಲಿ ಆಸಿಡ್ ಇಳಿದು ಅಡಿಯ ಹಿತ್ತಾಳೆಯನ್ನು ತಿನ್ನುತ್ತದೆ. ಮೊದಲು ಸಾಸಿವೆಯಷ್ಟು ಗುಳ್ಳೆಗಳು ಏಳುತ್ತವೆ, ಆಮೇಲೆ ಉಗುರಿನಿಂದ ಕೆರೆದರೂ ಬೆಳ್ಳಿ ಬಣ್ಣದ ಚಕ್ಕೆ ಎದ್ದುಬರುತ್ತದೆ. ಆ ಚಕ್ಕೆಯ ಅಂಚು ಬೆರಳು ಕೊಯ್ಯುವಷ್ಟು ಹರಿತ. ಕೆಲವು ಕಡೆ ಅದರಡಿ ಹಳದಿಯ ಬದಲು ಕೆಂಪು ಕಾಣುತ್ತದೆ: ಸತು ಕರಗಿಹೋಗಿ ಪೊಳ್ಳು ತಾಮ್ರ ಮಾತ್ರ ಉಳಿದಿರುವ ಗುರುತು ಅದು.

ಬರೀ ಹಿತ್ತಾಳೆ ಕಪ್ಪಾಗುತ್ತದೆ, ಅಷ್ಟೇ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮತ್ತೆ ಹೊಳೆಯುತ್ತದೆ.

ಲೇಪದ್ದು ಕೊಳ್ಳುವಾಗ ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಸಾಲದು. ಅಗ್ಗದ ನಲ್ಲಿಗಳ ಮೈ ಸತುವಿನ ಮಿಶ್ರಲೋಹದ್ದಾಗಿರಬಹುದು, ಅಯಸ್ಕಾಂತ ಅದಕ್ಕೂ ಹಿತ್ತಾಳೆಗೂ ಅಂಟುವುದಿಲ್ಲ. ಕೈಯಲ್ಲಿ ತೂಗಿ ನೋಡಿ, ಅದೇ ಗಾತ್ರದ ಹಿತ್ತಾಳೆಯದ್ದು ಹೆಚ್ಚು ಭಾರ. ಒಳಗೆ ಲೇಪ ತಾಗದ ಕಡೆ ಹಳದಿ ಕಂಡರೆ ಕೊಳ್ಳಿ, ಬೂದು ಕಂಡರೆ ಬಿಟ್ಟುಬಿಡಿ.

ಜೋಡಿಸುವವರಿಗೆ ಪಾನಾದ ಹಲ್ಲಿಗೆ ಬಟ್ಟೆ ಸುತ್ತಿಕೊಳ್ಳಲು ಹೇಳಿ, ಇಲ್ಲದಿದ್ದರೆ ಲೇಪಕ್ಕೆ ಮೊದಲ ದಿನವೇ ಗೀರು ಬೀಳುತ್ತದೆ. ಬಿಳಿ ಪದರಕ್ಕೆ ನಿಂಬೆರಸ ಅದ್ದಿದ ಬಟ್ಟೆಯನ್ನು ಕೆಲವು ನಿಮಿಷ ಸುತ್ತಿಟ್ಟು, ನೀರಿನಿಂದ ತೊಳೆದು, ಒಣಬಟ್ಟೆಯಿಂದ ಒರೆಸಿಬಿಡಿ.